ಮಾವ ಬಿಟ್ಟ ಗಾಳ

ಲಿನಾರ್ದೋಸನ ಆ ದಿನದ ಕಷ್ಟಕ್ಕೆಲ್ಲ ಕಾರಣ ಗ್ರೀಕ್ ಲಿಪಿಯ ಐದೇ ಐದು ಅಕ್ಷರ. 'ಎವಾಂಥಿಯಾ' ಹಡಗಿನ ಹಿಂಬದಿಯಲ್ಲಿ, ಹಡಗಿನ ಹೆಸರಿನ ಕೆಳಗೆ, ಮೊಳದೆತ್ತರದ ಉಬ್ಬಕ್ಷರಗಳಲ್ಲಿ 'ಸೀರೋಸ್' ಎಂದು ಅದರ ತವರು ದ್ವೀಪದ ಹೆಸರಿತ್ತು. ಸಂಜೆ ಐದರೊಳಗೆ ಅದು ಹೋಗಿ ಆ ಜಾಗದಲ್ಲಿ 'ವಲೆಟ್ಟಾ' ಬರಬೇಕಿತ್ತು. ತೊಂಬತ್ತು ವರ್ಷದಿಂದ ಪ್ರವಾಸಿಗಳಿಗೆ ದ್ವೀಪಗಳನ್ನು ತೋರಿಸಿಕೊಂಡು ಬದುಕಿದ್ದ ಕಂಪನಿ, ತನ್ನ ಹಡಗುಗಳನ್ನು ಗ್ರೀಸಿನ ಪಟ್ಟಿಯಿಂದ ತೆಗೆಸಿ ಮಾಲ್ಟಾದ ವಲೆಟ್ಟಾ ಬಂದರಿನಲ್ಲಿ ನೋಂದಾಯಿಸಲು ಹೊರಟಿತ್ತು. ಬಾವುಟ ಬದಲಿಸುವುದೇನು ಮಹಾ, ಹಗ್ಗ ಎಳೆದರಾಯಿತು. ಅಕ್ಷರ ಅಳಿಸುವ ಕೆಲಸ ಮಾತ್ರ ಹಡಗಿನ ಬಣ್ಣದ ಮೇಸ್ತ್ರಿ ಲಿನಾರ್ದೋಸನ ತಲೆಗೆ ಬಿತ್ತು.

"ಐದಕ್ಕೆ ಜನ ಹತ್ತುತ್ತಾರೆ ಕಣ್ರೀ," ಎಂದು ಪಿರೇಯಸ್ಸಿನ ಕಚೇರಿಯಿಂದ ಬಂದಿದ್ದ ಮ್ಯಾನೇಜರ್ ಸ್ಕರ್ಲಾತೋಸ್ ಬೆಳಿಗ್ಗೆಯೇ ಹೇಳಿದ್ದರು. "ಅಷ್ಟರಲ್ಲಿ ಮುಗೀಲಿಲ್ಲ ಅಂದ್ರೆ ಬೇರೆ ಮೇಸ್ತ್ರೀನ ಕರೆಸ್ತೀನಿ. ಆಮೇಲೆ ನೀವು ಈ ಹಡಗು ಹತ್ತೋದೇ ಬೇಡ."

ಐವತ್ಮೂರನೇ ವಯಸ್ಸಿನಲ್ಲಿ ಇನ್ನೊಂದು ಹಡಗು ಯಾರು ಹತ್ತಿಸಿಕೊಳ್ಳುತ್ತಾರೆ? ಲಿನಾರ್ದೋಸ್ ಹಗ್ಗಕ್ಕೆ ಹಲಗೆ ಕಟ್ಟಿ, ಬಣ್ಣದ ಡಬ್ಬಿ ಹಿಡಿದು ಇಳಿದ. ಹಡಗು ದಡಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಹಾಗಾಗಿ ಅವನು ಮಾಡುವುದೆಲ್ಲ ಎದುರಿನ ಕಾಫಿ ಅಂಗಡಿಯವರಿಗೆ ನಾಟಕದ ಹಾಗೆ ಕಾಣುತ್ತಿತ್ತು. ಆ ಅಂಗಡಿ ಕ್ಯಾಪ್ಟನ್ ಯಾಕುಮೀಸನದು. ಇದೇ ಹಡಗನ್ನು ನಡೆಸಿ, ನಿವೃತ್ತನಾಗಿ, ಈಗ ಊರನ್ನು ನಡೆಸುತ್ತಿದ್ದ ಮನುಷ್ಯ.

"ಲೋ ಲಿನಾರ್ದೋಸ್, ಹುಟ್ಟಿದೂರಿನ ಹೆಸರು ಒರೆಸೋಕೆ ನಿಂಗೆ ಕೈ ಹೇಗೋ ಬರುತ್ತೆ?"

"ಕೈ ಬರಲ್ಲ ಕ್ಯಾಪ್ಟನ್. ಹೊಟ್ಟೆ ಬರಿಸುತ್ತೆ."

"ಮೂವತ್ತೈದು ವರ್ಷ ಓಡಿಸಿದೀನಿ ಇದನ್ನ. ಒಂದೇ ಊರು, ಒಂದೇ ಬಾವುಟ," ಎಂದು ಕ್ಯಾಪ್ಟನ್ ಎದೆ ತಟ್ಟಿಕೊಂಡ. ಕುಳಿತವರೆಲ್ಲ ತಲೆದೂಗಿದರು.

ಲಿನಾರ್ದೋಸ್ ಮೊದಲು ಅಕ್ಷರಗಳ ಮೇಲೆ ಹಡಗಿನ ಮೈಯ ನೀಲಿ ಬಣ್ಣವನ್ನೇ ಬಳಿದ. ಬಿಸಿಲು ಏರಿದಂತೆ ಉಬ್ಬಕ್ಷರಗಳ ನೆರಳು ಬಿದ್ದು 'ಸೀರೋಸ್' ಮೊದಲಿಗಿಂತ ಚೆನ್ನಾಗಿ ಕಾಣತೊಡಗಿತು. ದಡದಲ್ಲಿ ಚಪ್ಪಾಳೆ ಬಿತ್ತು. ಪ್ರವಾಸಿಗಳು ಫೋಟೋ ತೆಗೆದುಕೊಂಡರು.

"ಗ್ರೈಂಡರ್ ಹಿಡಿದು ಉಜ್ಜಿ ತೆಗೀರಿ," ಎಂದರು ಮ್ಯಾನೇಜರ್, ಕಿವಿಯಿಂದ ಫೋನು ತೆಗೆಯದೆ. ಬೆಳಿಗ್ಗೆಯಿಂದ ಅದು ಬಡಿದುಕೊಳ್ಳುತ್ತಲೇ ಇತ್ತು.

ಉಜ್ಜುವ ಮಿಷನ್ನಿನ ವೈರು ಹಡಗಿನ ಪ್ಲಗ್ಗಿಗೆ ಎಟುಕಲಿಲ್ಲ. ಎಟುಕಿದ್ದು ಕಾಫಿ ಅಂಗಡಿಯ ಪ್ಲಗ್ಗಿಗೆ. ಮಿಷನ್ ಒಮ್ಮೆ ಗುರ್ ಎಂದು ಸುಮ್ಮನಾಯಿತು.

"ಕರೆಂಟ್ ಹೋಯ್ತು ಕಣೋ," ಎಂದ ಕ್ಯಾಪ್ಟನ್. ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಮೂರು ಸಲ ಹೀಗೇ ಕರೆಂಟ್ ಹೋದ ಮೇಲೆ ಮ್ಯಾನೇಜರರೇ ಬಂದು ಪ್ಲಗ್ಗಿನ ಪಕ್ಕ ಕಾವಲು ಕುಳಿತರು. ಲಿನಾರ್ದೋಸ್ ಮತ್ತೆ ಮಿಷನ್ ಎತ್ತಿದ. ಅಷ್ಟರಲ್ಲಿ ದಡದ ಮೇಲೆ ಒದ್ದೆ ಕೈ ಏಪ್ರನ್ನಿಗೆ ಒರೆಸಿಕೊಳ್ಳುತ್ತ ಅವನ ಅತ್ತೆ ಅನ್ನೆಟ್ಟಾ ಪ್ರತ್ಯಕ್ಷವಾದಳು.

"ಅಳಿಯಂದ್ರೇ, ಅದೇನು ಗೊತ್ತಾ?"

"ಊರಿನ ಹೆಸರು, ಅತ್ತೆ."

"ಅಲ್ಲ. ನನ್ನ ಗಂಡನ ಕೈಬರಹ. ನಲವತ್ತು ವರ್ಷದ ಕೆಳಗೆ ಅವರೇ ವೆಲ್ಡಿಂಗ್ ಮಾಡಿದ್ದು. ಕೊನೇ ಅಕ್ಷರದ ಬಾಲ ನೋಡಿ, ಮೀನಿನ ಗಾಳದ ಹಾಗೆ ಬಾಗಿದೆ. ಏನು ಬೆಸೆದರೂ ಕೊನೆಗೊಂದು ಗಾಳ ಬಿಡೋರು. ನಮ್ಮನೆ ಗೇಟಲ್ಲೂ ಇದೆ."

"ಗೊತ್ತು ಅತ್ತೆ. ಆದ್ರೆ ಕೆಲಸ..."

"ಅದರ ಮೇಲೆ ಮಿಷನ್ ಇಟ್ರೆ ರಾತ್ರಿ ಊಟಕ್ಕೆ ಬರಬೇಡಿ. ನಾಳೇನೂ ಬರಬೇಡಿ. ಮನೆ ನಂದು, ಮಗಳೂ ನಂದು."

ಅದು ಬರೀ ಬೆದರಿಕೆಯಲ್ಲ. ಆ ದ್ವೀಪಗಳಲ್ಲಿ ಮನೆ ಹೆಣ್ಣಿನ ಕಡೆಯದು. ಗಂಡ ಕಟ್ಟಿಕೊಂಡು ಬರುವುದು ಬಟ್ಟೆಗಂಟು ಮಾತ್ರ. ಅತ್ತ ದರಿ, ಇತ್ತ ಪುಲಿ. ಮಧ್ಯೆ ಹಲಗೆಯ ಮೇಲೆ ಲಿನಾರ್ದೋಸ್ ತೂಗಾಡಿದ. ಅಕ್ಷರ ಉಳಿದರೆ ಹಡಗಿಲ್ಲ, ಅಳಿದರೆ ಮನೆಯಿಲ್ಲ.

ಮೂರೂವರೆಯ ತನಕ ಅವನು ಏನೂ ಮಾಡಲಿಲ್ಲ. ಮ್ಯಾನೇಜರ್ ಗಡಿಯಾರ ನೋಡಿಕೊಳ್ಳತೊಡಗಿದಾಗ ಒಂದು ಉಪಾಯ ಹೊಳೆಯಿತು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತ ಇರುವುದು; ಮ್ಯಾನೇಜರಿಗೆ ಸದ್ದು ಕೇಳಬೇಕು, ಅತ್ತೆಗೆ ಗಾಯ ಕಾಣಬಾರದು. ಒಂದು ತಟ್ಟಿದ, ಎರಡು ತಟ್ಟಿದ. ಮೂರನೆಯದಕ್ಕೆ ಮೊದಲನೇ ಅಕ್ಷರ ಇಡಿಯಾಗಿ ಕಳಚಿ ಅವನ ಮಡಿಲಿಗೆ ಬಿತ್ತು.

ಕಬ್ಬಿಣವಲ್ಲ. ಒಣರೊಟ್ಟಿಯ ಹಾಗೆ ಹಗುರ. ಬರೀ ಪುಟ್ಟಿ, ಬಣ್ಣದವರು ಬಿರುಕಿಗೆ ಮೆತ್ತುವಂಥದ್ದು.

ಲಿನಾರ್ದೋಸ್ ಅದನ್ನು ತಿರುಗಿಸಿ ನೋಡಿದ. ಇನ್ನು ಮುಚ್ಚಿಡುವುದೇನು ಬಂತು ಎಂದು ಉಳಿದ ನಾಲ್ಕನ್ನೂ ತಟ್ಟಿದ. ಹಪ್ಪಳದ ಹಾಗೆ ಉದುರಿದವು. ಅವುಗಳ ಹಿಂದೆ ಮೆತ್ತಿದ್ದ ಪುಟ್ಟಿಯೂ ಚಕ್ಕೆಚಕ್ಕೆಯಾಗಿ ಎದ್ದಿತು. ಅದರಡಿಯಿಂದ ಗಟ್ಟಿ ಕಬ್ಬಿಣದ ಬೆಸುಗೆಯಲ್ಲಿ, ಒಂದೊಂದಾಗಿ, 'ವಲೆಟ್ಟಾ' ಎದ್ದು ಬಂತು.

ಎಲ್ಲರೂ ಕ್ಯಾಪ್ಟನ್ನನ ಕಡೆ ತಿರುಗಿದರು. ಅವನು ಕೆಮ್ಮಿದ.

"ಅದೊಂದೆರಡು ವರ್ಷ ಮಾಲ್ಟಾ ಬಾವುಟ ಇತ್ತು. ಬಹಳ ಹಿಂದೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಅನ್ನೆಟ್ಟಾ ಕನ್ನಡಕ ಹಾಕಿಕೊಂಡು ದಡದ ಅಂಚಿಗೆ ಬಂದಳು. ಲಿನಾರ್ದೋಸ್ ಕಣ್ಣು ಮುಚ್ಚಿಕೊಂಡ. ಮನೆ, ಮಡದಿ, ರಾತ್ರಿಯ ಊಟ ಎಲ್ಲವೂ ಸಮುದ್ರದ ಪಾಲಾಯಿತೆಂದೇ ಅವನ ಲೆಕ್ಕ.

"ಗಾಳ ಇದೆ," ಎಂದಳು ಅತ್ತೆ. "ಕೊನೇ ಅಕ್ಷರದಲ್ಲಿ ಗಾಳ ಇದೆ. ಇದೂ ಅವರದೇ. ಪುಟ್ಟೀದು ಬಿದ್ರೆ ಬೀಳಲಿ, ಕಬ್ಬಿಣದ್ದು ಉಳೀತಲ್ಲ. ಅಳಿಯಂದ್ರೇ, ರಾತ್ರಿ ಬೇಗ ಬನ್ನಿ. ಬದನೆಕಾಯಿ ಮಾಡಿರ್ತೀನಿ."

ಹೋದ ಜೀವ ಬಂದಂತಾಯಿತು. ಹಡಗೂ ಉಳಿಯಿತು, ಮನೆಯೂ ಉಳಿಯಿತು, ಮೈಮುರಿಯುವ ಕೆಲಸವನ್ನು ಸತ್ತ ಮಾವನೇ ಮುಗಿಸಿಟ್ಟು ಹೋಗಿದ್ದ. ಲಿನಾರ್ದೋಸ್ ದಡಕ್ಕೆ ಬಂದು ಕುರ್ಚಿಯಲ್ಲಿ ಕಾಲು ಚಾಚಿದ. ಕ್ಯಾಪ್ಟನ್ ಕೇಳದೆಯೇ ಕಾಫಿ ತಂದಿಟ್ಟ. ಅಂಥ ಕಾಫಿಯನ್ನು ಅವನು ಜನ್ಮದಲ್ಲಿ ಕುಡಿದಿರಲಿಲ್ಲ.

ಅರ್ಧ ಕಪ್ಪು ಮುಗಿದಿತ್ತು. ಮ್ಯಾನೇಜರ್ ಫೋನು ಕೆಳಗಿಟ್ಟು, ಮುಖ ಅರಳಿಸಿಕೊಂಡು ಎದ್ದರು.

"ಒಳ್ಳೇ ಸುದ್ದಿ ಕಣ್ರಪ್ಪಾ. ಹಳೇ ಬಾವುಟ ಇಲ್ಲ ಅಂದ್ರೆ ನಮ್ಮ ಟಿಕೆಟ್ ಬೇಡ ಅಂತ ಬೆಳಿಗ್ಗೆಯಿಂದ ಗಿರಾಕಿಗಳು ಒಂದೇ ಸಮ ಫೋನ್ ಮಾಡ್ತಿದ್ರು. ನಮ್ಮ ಕಂಪನಿ ಯಜಮಾನಿ ಮನಸ್ಸು ಬದಲಾಯಿಸಿದಾರೆ. ಮಾಲ್ಟಾ ಇಲ್ಲ, ಏನಿಲ್ಲ. ಬಾವುಟ ಇದೇ ಇರುತ್ತೆ."

ದಡಕ್ಕೆ ದಡವೇ ಎದ್ದು ನಿಂತಿತು. ಅಪ್ಪಿಕೊಂಡವರೆಷ್ಟೋ, ಅತ್ತವರೆಷ್ಟೋ. ಕ್ಯಾಪ್ಟನ್ ಎಲ್ಲರಿಗೂ ಬಿಟ್ಟಿ ಕಾಫಿ ಎಂದ. ಲಿನಾರ್ದೋಸನ ಕಣ್ಣಿಗೂ ನೀರು ಬಂತು. ಎಷ್ಟೆಂದರೂ ಅವನ ಊರೂ ಅದೇ.

ಆಗ ಮ್ಯಾನೇಜರ್ ಹಡಗಿನ ಹಿಂಬದಿ ನೋಡಿದರು, ಆಮೇಲೆ ಗಡಿಯಾರ ನೋಡಿದರು.

"ರೀ ಲಿನಾರ್ದೋಸ್, ಇನ್ನೂ ಮುಕ್ಕಾಲು ಗಂಟೆ ಇದೆ. ಆ 'ವಲೆಟ್ಟಾ' ಉಜ್ಜಿ ತೆಗೆದು 'ಸೀರೋಸ್' ಹಾಕಿಬಿಡಿ. ಐದಕ್ಕೆ ಜನ ಹತ್ತುತ್ತಾರೆ."

ಅನ್ನೆಟ್ಟಾ ಅಷ್ಟರಲ್ಲಾಗಲೇ ಹಡಗಿನ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತಿದ್ದಳು. "ಅದನ್ನ ಯಾರೂ ಉಜ್ಜೋ ಹಾಗಿಲ್ಲ," ಎಂದಳು. "ನನ್ನ ಗಂಡನ ಕೈಬರಹ."

ಲಿನಾರ್ದೋಸ್ ಕಪ್ಪು ಕೆಳಗಿಟ್ಟ. ಕ್ಯಾಪ್ಟನ್ನನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದ: "ಬೇಗ ಗಟ್ಟಿಯಾಗೋ ಪುಟ್ಟಿ ಇದೆಯಾ ನಿಮ್ಮ ಹತ್ರ?"

"ಮಾಲ್ಟಾ ಬಾವುಟ ಇಳಿದಾಗ ನಿನ್ನ ಮಾವನೂ ಇದನ್ನೇ ಕೇಳಿದ್ದ ಕಣೋ. ಕೈಯಾರೆ ಬೆಸೆದದ್ದನ್ನ ಕೈಯಾರೆ ಉಜ್ಜೋಕೆ ಮನಸ್ಸು ಬರ್ಲಿಲ್ಲ ಅವನಿಗೆ," ಎಂದು ಕ್ಯಾಪ್ಟನ್ ಗಲ್ಲಾದ ಕೆಳಗಿನಿಂದ ಡಬ್ಬಿ ತೆಗೆದ.

"ಹಾಗಾದ್ರೆ ಬೆಳಿಗ್ಗೆಯಿಂದ ನಿಮಗೆ ಎಲ್ಲಾ ಗೊತ್ತಿತ್ತು."

"ನೀನು ಕೇಳಿದ್ಯಾ?"

ಲಿನಾರ್ದೋಸ್ ಡಬ್ಬಿ ಹಿಡಿದು ಅತ್ತೆಯ ಮುಂದೆ ನಿಂತ. "ಉಜ್ಜಲ್ಲ ಅತ್ತೆ. ಬರೀ ಹೊದಿಸ್ತೀನಿ."

"ಹೊದಿಸಿ. ಚಳಿಗಾಲಕ್ಕೆ ಒಳ್ಳೇದೇ."

ಅವನು ಮತ್ತೆ ಹಲಗೆಯ ಮೇಲೆ ಇಳಿದ. ಐದು ಅಕ್ಷರ, ಮುಕ್ಕಾಲು ಗಂಟೆ, ಬೆನ್ನ ಹಿಂದೆ ಇಡೀ ಊರು. ಕೊನೆಯ ಅಕ್ಷರಕ್ಕೆ ಪುಟ್ಟಿ ಮೆತ್ತುತ್ತಿರುವಾಗ ಕುರ್ಚಿಯ ಕಡೆಯಿಂದ ದನಿ ಬಂತು.

"ಅಳಿಯಂದ್ರೇ, ಗಾಳ ಮರೀಬೇಡಿ."