ರಿನ್ಸ್ ಅಂದ್ರ ಏನ್ರೀ?

ವಾಶಿಂಗ್ ಮಷಿನ್ ಕೆಟ್ಟಿದೆ ಎಂದು ಜನ ನನಗೆ ಫೋನ್ ಮಾಡುತ್ತಾರೆ. ಹೋಗಿ ನೋಡಿದರೆ ಎಷ್ಟೋ ಸಲ ಮಷಿನ್ ಗಟ್ಟಿಮುಟ್ಟಾಗಿರುತ್ತದೆ, ಎಡವಟ್ಟು ಮಾಡಿರುವುದು ಅದರ ಮೇಲೆ ಬರೆದ ಒಂದು ಶಬ್ದ. ವಾಶ್ ಎಂದರೆ ತೊಟ್ಟಿಲ ಕೂಸಿಗೂ ಗೊತ್ತು. ಸ್ಪಿನ್ ಎಂದರೆ ಗಿರಗಿರ ತಿರುಗುವುದು, ಕಣ್ಣಿಗೇ ಕಾಣುತ್ತದೆ. ಇವೆರಡರ ನಡುವೆ ಸುಮ್ಮನೆ ಕೂತಿದೆಯಲ್ಲ ರಿನ್ಸ್, ಅದು ನನ್ನನ್ನು ಕುಣಿಸಿದಷ್ಟು ಯಾವ ಮೋಟಾರೂ ಕುಣಿಸಿಲ್ಲ. ಬೆಳಗಾವಿಯಿಂದ ಖಾನಾಪುರದವರೆಗೆ ನಾನು ಬಿಚ್ಚಿ ಜೋಡಿಸಿದ ಮಷಿನ್‌ಗಳಿಗೆ ಲೆಕ್ಕವಿಲ್ಲ. ನನ್ನ ಕೈ ಬಿದ್ದ ಮಷಿನ್ ಅದೇ ರೋಗಕ್ಕೆ ಇನ್ನೊಮ್ಮೆ ನನ್ನನ್ನು ಕರೆದದ್ದಿಲ್ಲ, ಇದನ್ನು ಎದೆ ಉಬ್ಬಿಸಿಯೇ ಹೇಳುತ್ತೇನೆ. ಆದರೆ ಈ ಶಬ್ದ ಮಾತ್ರ ಕರೆಯುತ್ತಲೇ ಇರುತ್ತದೆ.

ಏಳು ಕಿಲೋದ್ದು

ಐಟಿಐ ಮುಗಿಸಿ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಬಿಗಿಯುತ್ತಿದ್ದವನು ನಾನು. ಅದನ್ನು ಬಿಟ್ಟು ಬೆಳಗಾವಿ ಪೇಟೆಯ ಅಂಗಡಿಯೊಂದರಲ್ಲಿ ವಾಶಿಂಗ್ ಮಷಿನ್ ಮೆಕ್ಯಾನಿಕ್ ಆಗಿ ಸೇರಿದ್ದೆ. ಮೊದಲ ವಾರವೇ ಹಿಂದವಾಡಿಯಿಂದ ಒಬ್ಬ ಅಕ್ಕೋರ ಫೋನ್ ಬಂತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು.

"ನಮ್ಮ ಮಷಿನ್ದಾಗ ರಿನ್ಸ್ ಇಲ್ಲಪಾ, ಲಗೂನ ಬಾ" ಅಂದರು.

ಕಾರ್ಖಾನೆಯಲ್ಲಿ ನಾವು ನಟ್ಟು ಬಿಗಿಯುವ ಪಾನಾಕ್ಕೆ ರಿಂಚ್ ಎನ್ನುತ್ತಿದ್ದೆವು. ನನಗೆ ಕೇಳಿಸಿದ್ದು ಅದೇ.

"ಇಲ್ಲಂದ್ರ ನಾನ ತರ್ತೀನ್ರಿ ಅಕ್ಕೋರ. ಎಷ್ಟರದು ಬೇಕ್ರಿ?"

"ಏಳು ಕಿಲೋದ್ದು."

ಅವರು ಹೇಳಿದ್ದು ಮಷಿನ್ ಅಳತೆ. ನಾನು ಮಾತ್ರ ಫೋನ್ ಹಿಡಿದುಕೊಂಡೇ ಬೆವೆತೆ. ಏಳು ಕಿಲೋದ ಪಾನಾ! ಸೀದಾ ಮಚ್ಛೆಗೆ ಹೋಗಿ, ಹಳೆಯ ಗೆಳೆಯನ ಕಾಲು ಹಿಡಿದು, ದೊಡ್ಡ ಪೈಪು ತಿರುಗಿಸುವ ಪಾನಾ ಒಂದನ್ನು ಹೆಗಲ ಮೇಲೆ ಹೊತ್ತು ತಂದೆ. ಹಿಂದವಾಡಿಯ ಆ ಮನೆಯಲ್ಲಿ ಕಸೂತಿ ಹಾಕಿದ ಬಟ್ಟೆ ಹಾಸಿದ್ದ ಟೇಬಲ್ ಮೇಲೆ ಧಪ್ಪೆಂದು ಇಟ್ಟೆ.

ಅಕ್ಕೋರು ಕನ್ನಡಕ ಸರಿಮಾಡಿಕೊಂಡು, "ಇದೇನೋ?" ಅಂದರು.

"ಏಳು ಕಿಲೋದ್ದು ಎಲ್ಲೂ ಸಿಗಲಿಲ್ರಿ. ಇದು ಐದು ಕಿಲೋದ್ದೈತಿ, ಸದ್ಯಕ ನಡಸ್ಕೋರಿ."

ಅವರಿಗೆ ವಿಷಯ ತಿಳಿಯಲು ಅರ್ಧ ನಿಮಿಷ ಹಿಡಿಯಿತು. ನಕ್ಕು ಮುಗಿಸಲು ಹತ್ತು ನಿಮಿಷ. ಆಮೇಲೆ ನನ್ನನ್ನು ಕೂರಿಸಿ, ಚಹಾ ಕೊಟ್ಟು, "ಹೊಳಿಯಾಗ ಸಬಕಾರ ಹೋಗೂ ಹಂಗ ಅರಿವಿ ಅಲಬತಾರಲ್ಲ, ಅದಕ್ಕ ರಿನ್ಸ್ ಅಂತಾರ" ಎಂದು ಬಿಡಿಸಿ ಹೇಳಿದರು. ಇಂಗ್ಲಿಷ್ ಅಕ್ಷರದಲ್ಲಿ ಐದು ಸಲ ಬರೆಸಿದರು. ನೀರು ಬಿಡುವ ವಾಲ್ವ್ ಕೈಕೊಟ್ಟಿತ್ತು, ಬದಲಾಯಿಸಿ ಕೊಟ್ಟೆ. ಮಷಿನ್ ಚೊಕ್ಕ ಓಡಿತು. ಅಂಗಡಿಯ ಕಾರ್ಡಿನಲ್ಲಿ ಗ್ರಾಹಕರ ಅಭಿಪ್ರಾಯ ಬರೆಯುವ ಜಾಗದಲ್ಲಿ ಅಕ್ಕೋರು ಕೆಂಪು ಪೆನ್ನಿನಲ್ಲಿ ಬರೆದರು: "ಕೆಲಸ ಉತ್ತಮ. ಸ್ಪೆಲಿಂಗ್ ಸುಧಾರಿಸಬೇಕು."

ಹಿಡಿದು ನಿಂತ ಹವಾಲ್ದಾರರು

ಖಾನಾಪುರದಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ. ಮೀಸೆ ನೋಡಿದರೆ ಈಗಲೂ ಸೆಲ್ಯೂಟ್ ಹೊಡೆಯಬೇಕು ಅನ್ನಿಸುತ್ತದೆ. ಹೊಸ ಮಷಿನ್ ಕೊಂಡು ನಾಲ್ಕು ದಿನವಾಗಿತ್ತು. "ಗಾಡಿ ಮುಂದ ಹೋಗವಲ್ದು, ಅಲ್ಲೇ ನಿಂತೇತಿ" ಎಂದು ಫೋನ್ ಮಾಡಿದರು.

ಹೋಗಿ ನೋಡುತ್ತೇನೆ, ಹವಾಲ್ದಾರರು ಮಷಿನ್ನನ್ನು ಎರಡೂ ತೋಳಿನಿಂದ ತಬ್ಬಿ ನಿಂತಿದ್ದಾರೆ. ಹಣೆಯ ಮೇಲೆ ಬೆವರು.

"ಏನ್ರಿ ಇದು, ಸಾಹೇಬ್ರ?"

"ಆರ್ಡರ್" ಅಂದರು, ಕತ್ತು ಕೂಡ ತಿರುಗಿಸದೆ. ಗದ್ದದಿಂದಲೇ ತೋರಿಸಿದರು. ಮಷಿನ್ ಮೇಲೆ 'ರಿನ್ಸ್ ಹೋಲ್ಡ್' ಎಂಬಲ್ಲಿ ಕೆಂಪು ದೀಪ ಹತ್ತಿತ್ತು.

ಆ ಗುಂಡಿ ಒತ್ತಿದರೆ ಮಷಿನ್ ಬಟ್ಟೆಯನ್ನು ಅಲಬಿ, ಕೊನೆಯ ನೀರಿನಲ್ಲಿ ನೆನೆಯಲು ಬಿಟ್ಟು ನಿಂತುಬಿಡುತ್ತದೆ. ಇನ್ನೊಮ್ಮೆ ಗುಂಡಿ ಒತ್ತುವ ತನಕ ಮುಂದೆ ಹೋಗುವುದಿಲ್ಲ. ಹವಾಲ್ದಾರರಿಗೆ ಹೋಲ್ಡ್ ಎಂಬ ಶಬ್ದ ಚೆನ್ನಾಗಿ ಗೊತ್ತಿತ್ತು, ಹಿಡಿದುಕೋ ಎಂದರ್ಥ. ರಿನ್ಸ್ ಎಂದರೆ ಮಷಿನ್ನಿನ ಹೆಸರಿರಬೇಕು ಎಂದುಕೊಂಡಿದ್ದರು.

"ಎಷ್ಟೊತ್ತಾತ್ರಿ ಹಿಡಕೊಂಡು?"

"ಇವತ್ತ ತಾಸಾತು. ನಿನ್ನೆ ಎರಡ ತಾಸ ಹಿಡದಿದ್ದೆ. ಬಿಡು ಅನ್ನೂ ಆರ್ಡರ್ ಬರಲೇ ಇಲ್ಲ."

ನಾನು ಗುಂಡಿ ಒತ್ತಿದೆ. ನೀರು ಗುಳುಗುಳು ಇಳಿಯಿತು. ಹವಾಲ್ದಾರರು ಕೈ ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನನ್ನ ಕಡೆ ನೋಡಿ ಹೇಳಿದರು:

"ನಾಲ್ವತ್ತು ವರ್ಷ ಸಂಸಾರ ಮಾಡೇನ್ರಿ. ನನ್ನ ಒಂದ ಸಲಾನೂ ಹಿಂಗ ಹಿಡಕೊಂಡಿಲ್ಲ ಈ ಮನಷ್ಯಾ."

ಮಗಳ ವಾಕ್ಯ

ನನ್ನ ಮಗಳಿಗೆ ಶಾಲೆಯಲ್ಲಿ ಕೆಲವು ಇಂಗ್ಲಿಷ್ ಶಬ್ದ ಕೊಟ್ಟು ವಾಕ್ಯ ಮಾಡಿರಿ ಅಂದಿದ್ದರು. ಅದರಲ್ಲಿ ರಿನ್ಸ್ ಕೂಡ ಇತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಡೀ ತರಗತಿಯಲ್ಲಿ ನನ್ನ ಮಗಳಿಗಿಂತ ಚೆನ್ನಾಗಿ ಅದನ್ನು ಯಾರು ಬರೆದಾರು! ಪುಸ್ತಕ ಮನೆಗೆ ಬಂದಾಗ ನೋಡಿದೆ. ಕನ್ನಡದಲ್ಲಿ ಹೇಳುವುದಾದರೆ ಅವಳು ಬರೆದದ್ದು ಹೀಗಿತ್ತು: "ನಮ್ಮಪ್ಪ ಇಡೀ ಊರಿನ ಬಟ್ಟೆ ರಿನ್ಸ್ ಮಾಡಿಸುತ್ತಾರೆ. ತಾವು ಕುಡಿದ ಚಹಾದ ಕಪ್ ರಿನ್ಸ್ ಮಾಡುವುದಿಲ್ಲ."

ಬಾಜೂದಲ್ಲಿ ಅವಳ ಟೀಚರ್ ಎರಡು ಸ್ಟಾರ್ ಹಾಕಿದ್ದರು. ಮೂರನೆಯದನ್ನು ನನ್ನ ಹೆಂಡತಿ ಹಾಕಿದಳು.

ಹಲ್ಲಿನ ದವಾಖಾನೆ

ಇಷ್ಟು ವರ್ಷದಲ್ಲಿ ರಿನ್ಸ್ ಎಂಬ ಶಬ್ದಕ್ಕೆ ಬೆಳಗಾವಿ ಜಿಲ್ಲೆಯಲ್ಲಿ ನಾನೇ ಪಂಡಿತ ಎಂದುಕೊಂಡಿದ್ದೆ. ಆ ಸೊಕ್ಕು ಇಳಿದದ್ದು ಹಲ್ಲುನೋವಿನ ದಿನ.

ಕೋಟೆಯ ಹತ್ತಿರದ ಒಂದು ಹಲ್ಲಿನ ದವಾಖಾನೆಯಲ್ಲಿ ಪಾಳಿಗೆ ಕೂತಿದ್ದೆ. ಒಳಗೆ ಒಬ್ಬ ಕುರಿ ಕಾಯುವ ಕಾಕಾ. ಖಾನಾಪುರ ಕಡೆಯವರು, ತಲೆಗೆ ರುಮಾಲು, ಹೆಗಲ ಮೇಲೆ ಟವೆಲ್ಲು. ಹಲ್ಲು ಕಿತ್ತಾಗಿತ್ತು. ಟವೆಲ್ಲಿಗೆ, ಡಾಕ್ಟರ ಕೋಟಿಗೆ ಒಂದೆರಡು ಹನಿ ರಕ್ತ ಸಿಡಿದಿತ್ತು. ಡಾಕ್ಟರು ಸಣ್ಣ ವಯಸ್ಸಿನವರು, ಹೊರಗಿನ ಊರಿನವರು. ನೀರಿನ ಲೋಟ ಕೊಟ್ಟು, "ರಿನ್ಸ್ ಮಾಡಿ" ಅಂದರು.

ಕಾಕಾ ಲೋಟವನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ರಿನ್ಸ್, ರಿನ್ಸ್" ಎಂದು ಡಾಕ್ಟರು ಕುರ್ಚಿಯ ಬಾಜೂಕಿನ ಸಣ್ಣ ಬೇಸಿನ್ ತೋರಿಸಿದರು.

ಬಾಗಿಲು ಅರ್ಧ ತೆರೆದಿತ್ತು. ನನ್ನ ಶಬ್ದ ಒದ್ದಾಡುತ್ತಿರುವಾಗ ನಾನು ಹೇಗೆ ಸುಮ್ಮನಿರಲಿ? ಊದಿದ ಗಲ್ಲ ಹಿಡಿದುಕೊಂಡೇ ಕೂಗಿದೆ: "ಅಲಬೂದ್ರಿ ಕಾಕಾ, ಅಲಬೂದು! ನೀರಾಗ ಅಲಬ್ರಿ!"

"ಹಂಗ ಹೇಳಬೇಕಲ್ಲೋ ಯಪ್ಪಾ!" ಅಂದರು ಕಾಕಾ. ಹೆಗಲ ಮೇಲಿನ ಟವೆಲ್ ತೆಗೆದರು. ಆ ಬೇಸಿನ್ನಿನಲ್ಲಿ ಲೋಟದ ನೀರು ಸುರಿದು, ಮೂರು ಸಲ ಅಲಬಿ, ಕಟಕಟ ಹಿಂಡಿ, ಡಾಕ್ಟರ ದೀಪದ ಕಂಬಕ್ಕೆ ಒಣಗಹಾಕಿದರು.

ಆಗ ನನಗೆ ಹೊಳೆಯಿತು. ಇಂಗ್ಲಿಷಿನವರಿಗೆ ಎಲ್ಲಕ್ಕೂ ಒಂದೇ ರಿನ್ಸ್. ನಮ್ಮಲ್ಲಿ ಬಟ್ಟೆ ಅಲಬುತ್ತೇವೆ, ಪಾತ್ರೆ ತೊಳೆಯುತ್ತೇವೆ, ಬಾಯಿ ಮುಕ್ಕಳಿಸುತ್ತೇವೆ. ನಮ್ಮ ಮಾತು ಅವರ ಮಾತಿಗಿಂತ ಸಿರಿವಂತ ಎಂಬ ಹೆಮ್ಮೆಯೇನೋ ಆಯಿತು. ಡಾಕ್ಟರು ನನ್ನನ್ನು ನೋಡುತ್ತಿದ್ದ ರೀತಿಯಿಂದ ಆ ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ.

ಕಾಕಾ ಮಾತ್ರ ಖುಷಿಯಲ್ಲಿದ್ದರು. "ಡಾಕ್ಟರ, ನಿಮ್ಮ ಕೋಟಿಗೂ ಕಲಿ ಆಗೇತಿ. ತಗದ ಕೊಡ್ರಿ, ಹಂಗ ಅದನ್ನೂ ಅಲಬಿ ಕೊಡ್ತೀನಿ."

ಖಾನಾಪುರದ ಗ್ಯಾರಂಟಿ

ಎರಡು ವರ್ಷದ ಹಿಂದೆ ನಮ್ಮ ಸಾಹುಕಾರರು ನನ್ನನ್ನು ಕರೆದು, "ಖಾನಾಪುರದಾಗ ಮಷಿನ್ ಮಾರಾಟ ಆಗವಲ್ಲವು. ಈ ಡೆಮೋದಾಗ ಒಂದಾರ ಹೋಗಬೇಕು. ಇಲ್ಲಂದ್ರ ಅಲ್ಲಿ ಸರ್ವಿಸ್ ಬಂದ್ ಮಾಡೂಣು" ಅಂದರು. ಖಾನಾಪುರ ನನ್ನೂರು. ಅಲ್ಲಿಯ ಸರ್ವಿಸ್ ಶುರು ಮಾಡಿಸಿದವನೇ ನಾನು.

ಡೆಮೋ ಇದ್ದದ್ದು ಮಹಿಳಾ ಸಂಘದ ಮುಂದೆ, ಒಂದು ಮನೆಯ ಅಂಗಳದಲ್ಲಿ. ಮೂವತ್ತು ಜನ ಹೆಂಗಸರು. ಅರ್ಧ ಕನ್ನಡ, ಅರ್ಧ ಮರಾಠಿ. ಎದುರಿಗೆ ಕುರ್ಚಿಯಲ್ಲಿ ಸಂಘದ ಅಧ್ಯಕ್ಷೆ, ಹಣೆಯ ತುಂಬ ವಿಭೂತಿ ಹಚ್ಚಿದ ಆಯಿ. ಕಂಪನಿಯಿಂದ ಒಬ್ಬ ಯುವ ಅಧಿಕಾರಿ ಬಂದಿದ್ದರು. ಕೈಯಲ್ಲಿ ಯಾರೋ ಬರೆದುಕೊಟ್ಟ ಕನ್ನಡದ ಹಾಳೆ. ಗಂಟಲು ಸರಿಮಾಡಿಕೊಂಡು ಓದಿದರು:

"ಮಹಿಳೆಯರೇ, ನೀವು ಆರಾಮವಾಗಿ ಕುಳಿತುಕೊಳ್ಳಿ. ಈ ಯಂತ್ರವು ಮೂರು ಬಾರಿ ಚೆನ್ನಾಗಿ ಜಾಲಾಡಿಸುತ್ತದೆ."

ಹಿಂದಿನ ಸಾಲಿನಿಂದ ಒಬ್ಬ ಸೊಸೆಯ ದನಿ ಬಂತು: "ಕುಂದರಿಸಿ ಜಾಲಾಡಸಾಕ ಮನ್ಯಾಗ ಅತ್ತಿ ಅದಾರ್ರಿ. ಅದಕ್ಕೂ ಮಷಿನ್ ಯಾಕ?"

ಅಂಗಳ ಹಾರಿಹೋಗುವಂಥ ನಗೆ. ಆಯಿ ಒಬ್ಬರೇ ನಗಲಿಲ್ಲ. ಏಕೆಂದರೆ ಆ ಅತ್ತೆ ಅವರೇ. ತಿರುಗಿ ಸೊಸೆಯನ್ನು ಒಮ್ಮೆ ನೋಡಿ, ಆಮೇಲೆ ನನ್ನತ್ತ ಕೈ ಮಾಡಿ, "ನೀ ಹೇಳೋ, ಏನಂತದು?" ಅಂದರು.

"ಅಲಬೂದ್ರಿ, ಆಯಿ" ಎಂದೆ. ಮರಾಠಿಯವರಿಗೆ "ವಿಸಳಣೆ" ಎಂದೆ. ಎಲ್ಲರೂ ತಲೆಯಾಡಿಸಿದರು.

ಆಯಿ ಎದ್ದು ಬಂದರು. "ಅಲಬೂದು ನನಗ ಹೇಳಬ್ಯಾಡ. ಮಲಪ್ರಭಾ ಹೊಳ್ಯಾಗ ಒಂಬತ್ತ ಮಂದೀದ ಅರಿವಿ ಅಲಬಿದಾಕಿ ನಾ." ಅಧಿಕಾರಿ ಬಟ್ಟೆ ತುಂಬಿ ಓಡಿಸಿದ ಮಷಿನ್ ನಿಂತ ಕೂಡಲೇ ಅದರಿಂದ ಒಂದು ಬಿಳಿ ಧೋತರ ಎಳೆದು, ಬೋಗಾಣಿಯಲ್ಲಿ ತುಂಬಿಟ್ಟಿದ್ದ ತಿಳಿನೀರಿನಲ್ಲಿ ಅದ್ದಿ ಎತ್ತಿದರು. ಬೋಗಾಣಿಯ ತುಂಬ ನೊರೆ.

"ಇದೇನೋ, ಮಜ್ಜಿಗಿ ಕಡದಂಗ ಆತಲ್ಲ! ಇದಕ್ಕ ಅಲಬೂದಂತಾರ?"

ಅಧಿಕಾರಿ ಹುರುಪಿನಲ್ಲಿ ಮೂರು ಪಟ್ಟು ಸೋಪಿನ ಪುಡಿ ಸುರಿದಿದ್ದರು. ಅದನ್ನು ಅಲ್ಲಿ ಹೇಳಿ ಅವರ ಮಾನ ಕಳೆಯಲು ಮನಸ್ಸಾಗಲಿಲ್ಲ. "ಇನ್ನೊಂದ ಸಲ ನೋಡ್ರಿ, ಆಯಿ" ಎಂದು ಅರ್ಧ ಬಟ್ಟೆ ಹೊರಗೆ ತೆಗೆದು, ಬರಿ ರಿನ್ಸ್ ಹಚ್ಚಿದೆ. ಹೆಂಗಸರಿಗೆ ಚಹಾ ಆಯಿತು, ಚುರಮುರಿ ಆಯಿತು. ಮಷಿನ್ ನಿಂತಿತು. ಆಯಿ ಬೋಗಾಣಿಗೆ ಹೊಸ ನೀರು ಹಾಕಿಸಿ, ಅದೇ ಧೋತರ ಅದ್ದಿದರು. ಒಂದು ಗುಳ್ಳೆಯೂ ಏಳಲಿಲ್ಲ. ತಳ ಕಾಣುವಂತಿತ್ತು.

"ಸ್ವಚ್ಛ ಐತಿ ಅಂತೀ?"

"ಐತ್ರಿ."

"ಖರೇ?"

"ಖರೇನ್ರಿ."

"ಹಂಗಾರ ಕುಡಿ."

ಅಧಿಕಾರಿ ನನ್ನ ಅಂಗಿ ಜಗ್ಗಿ "ಬೇಡ, ಬೇಡ" ಎಂದು ಪಿಸುಗುಟ್ಟಿದರು. ನಾನು ಮಷಿನ್ ಕಡೆ ನೋಡಿದೆ. ಬೆಳಿಗ್ಗೆ ಅದರ ಒಂದೊಂದು ಪೈಪೂ ನನ್ನ ಕೈಯಿಂದ ಕೂರಿಸಿದ್ದೆ. ಅದರ ಮೇಲೆ ನನಗೇ ನಂಬಿಕೆ ಇಲ್ಲದಿದ್ದರೆ ಈ ಹೆಂಗಸರಿಗೆ ಯಾಕಿರಬೇಕು? ಲೋಟ ಅದ್ದಿ ಗಟಗಟ ಕುಡಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಧೋತರದ ರುಚಿ ಇತ್ತು. ಸಬಕಾರದ್ದು ಇರಲಿಲ್ಲ.

ಮೂವತ್ತು ಹೆಂಗಸರು ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಯಿ ಕೈಯೆತ್ತಿ ಸುಮ್ಮನಾಗಿಸಿ, "ಸಂಘಕ್ಕ ಒಂದ ಇಳಸ್ರಿ. ಎಲ್ಲಾರೂ ಪಾಳಿ ಹಚ್ಚಿ ಅರಿವಿ ಒಗಕೊಳ್ಳೂಣು" ಅಂದರು.

ಅಧಿಕಾರಿಗೆ ಹೋದ ಜೀವ ಬಂದಂತಾಯಿತು. "ತುಂಬಾ ಸಂತೋಷ, ಅಜ್ಜಿ! ಇದಕ್ಕೆ ಎರಡು ವರ್ಷ ಗ್ಯಾರಂಟಿ ಇದೆ."

ಆಯಿ ನನ್ನ ಭುಜದ ಮೇಲೆ ಕೈಯಿಟ್ಟು ಅಧಿಕಾರಿಯನ್ನು ಕೇಳಿದರು:

"ಮಷಿನ್ದು ಇರ್ಲೋ ತಮ್ಮಾ. ಇವಂದ ಎಷ್ಟ ವರ್ಷ ಐತಿ ಹೇಳು."