ನಮ್ಮ ಮನೆಯವಳ ಮೂಗಿನ ಸೇವೆ

ಈ ಕತೆಯ ಕೊನೆಯ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ಭದ್ರಾವತಿಯ ಅಡಿಗೆ ಭಟ್ಟರು. ಅದರಲ್ಲಿ ಸೋತವರೂ ಅವರೇ. ಗೆದ್ದವಳು ನನ್ನ ಹೆಂಡತಿ. ಗೆದ್ದವಳೇ ಹೇಳಿದ್ದರೆ ಅರ್ಧ ನಂಬುತ್ತಿದ್ದೆನೋ ಏನೋ. ಸೋತವರೇ ನಗುತ್ತಾ ಹೇಳಿದ್ದರಿಂದ ಪೂರ್ತಿ ನಂಬಿದೆ. ಆದರೆ ನೇರವಾಗಿ ಅಲ್ಲಿಗೆ ಹೋದರೆ ರುಚಿಯಿಲ್ಲ. ನನ್ನವಳ ಮೂಗಿನ ದೆಸೆಯಿಂದ ನಮ್ಮಲ್ಲಿ ಇಂಥವು ಒಂದಲ್ಲ ಒಂದು ನಡೆಯುತ್ತಲೇ ಬಂದಿವೆ. ಮೊದಲಿಂದಲೇ ಹೇಳುತ್ತೇನೆ.

೧. ಪಕ್ಕದ ಮನೆಯ ಬೇಳೆ

ವಿದ್ಯಾನಗರದಲ್ಲಿ ನಮಗೂ ಪಕ್ಕದ ಮನೆಯವರಿಗೂ ನಡುವೆ ಇರುವುದು ಒಂದೇ ಗೋಡೆ. ಒಂದು ಬೆಳಿಗ್ಗೆ ನನ್ನವಳು ಬಟ್ಟೆ ಒಣಹಾಕುತ್ತಿದ್ದಳು. ಪಕ್ಕದ ಮನೆಯಾಕೆ ಗೇಟಿನಲ್ಲಿ ಹೂವಿನವಳ ಹತ್ತಿರ ಚೌಕಾಸಿಗೆ ನಿಂತಿದ್ದರು. ಇವಳು ಇಲ್ಲಿಂದಲೇ ಕೂಗಿದಳು.

"ಏನ್ರೀ, ನಿಮ್ಮನೆ ಬೇಳೆ ತಳ ಹಿಡೀತಿದೆ!"

"ಈಗಷ್ಟೇ ಉರಿ ಸಣ್ಣ ಮಾಡಿ ಬಂದಿದ್ದೀನಿ ಕಣ್ರೀ. ಮೊದಲು ನಿಮ್ಮನೇದು ನೋಡ್ಕೊಳ್ಳಿ."

"ನಮ್ಮನೇಲಿ ಇವತ್ತು ಏಕಾದಶಿ. ಒಲೆನೇ ಹಚ್ಚಿಲ್ಲ."

ಆಕೆ ಒಳಗೆ ಓಡಿದರು. ಬೇಳೆ ಇದ್ದಿಲಾಗಿತ್ತು. ಅಂದಿನಿಂದ ಹದಿನೈದು ದಿನ ಮಾತು ಬಿಟ್ಟರು. ಹದಿನಾರನೇ ದಿನ ಕುಂಕುಮಕ್ಕೆ ಕರೆಯಲು ಬಂದವರು ತಾವೇ ಬಾಯಿಬಿಟ್ಟರು: "ಬೇಳೆ ಸೀದಿದ್ದಕ್ಕಲ್ಲ ನನಗೆ ಸಿಟ್ಟು ಬಂದಿದ್ದು. ನಮ್ಮನೇದು ಸೀದಿದ್ದು ನಿಮಗೆ ಮೊದಲು ಗೊತ್ತಾಯ್ತಲ್ಲ, ಅದಕ್ಕೆ!"

೨. ತಾಳ ಹೋಗಿ ಚಪ್ಪಲಿ ಬಂತು

ದುರ್ಗಿಗುಡಿಯಲ್ಲಿ ನಮ್ಮದೊಂದು ಭಜನಾ ಮಂಡಳಿ ಇದೆ. ಅಲ್ಲಿ ಎಲ್ಲರಿಗೂ ಒಂದೊಂದು ಸೇವೆ. ಒಬ್ಬರು ಹಾಡುತ್ತಾರೆ, ಒಬ್ಬರು ಮಾಲೆ ಕಟ್ಟುತ್ತಾರೆ, ಒಬ್ಬರು ರಂಗೋಲಿ ಹಾಕುತ್ತಾರೆ. ನನ್ನವಳು ಹಾಡಲು ಕೂತಳು. ಎರಡನೇ ವಾರ ಹಾರ್ಮೋನಿಯಂ ಮೇಷ್ಟ್ರು ಬಹಳ ಮರ್ಯಾದೆಯಿಂದ, "ಅಮ್ಮಾ, ನೀವು ತಾಳ ಹಾಕಿದ್ರೆ ಸಾಕು" ಅಂದರು. ನಾಲ್ಕನೇ ವಾರ ತಾಳವನ್ನೂ ಇಸಿದುಕೊಂಡರು. ರಂಗೋಲಿಗೆ ಕೂರಿಸಿದರೆ ಇವಳು ಬರೆದ ನವಿಲನ್ನು ನೋಡಿ ಒಬ್ಬರು, "ಆಮೆ ಚೆನ್ನಾಗಿದೆ" ಅಂದುಬಿಟ್ಟರು. ಕೊನೆಗೆ ಇವಳ ಪಾಲಿಗೆ ಉಳಿದದ್ದು ಬಾಗಿಲಲ್ಲಿ ಚಪ್ಪಲಿ ಕಾಯುವ ಕೆಲಸ.

ಅದನ್ನೂ ಶ್ರದ್ಧೆಯಿಂದಲೇ ಮಾಡಿದಳು. ಆದರೆ ಒಂದು ಸಂಜೆ ದೀಪ ಹಚ್ಚಿ ದೇವರ ಮುಂದೆ ನಿಂತವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಎಲ್ಲರಿಗೂ ಒಂದೊಂದು ಕೊಟ್ಟೆಯಲ್ಲಪ್ಪಾ, ನನ್ನ ಸರದಿ ಬರೋ ಹೊತ್ತಿಗೆ ನಿನ್ನ ಚೀಲ ಖಾಲಿ ಆಗಿತ್ತಾ?"

ನನಗೂ ಸಂಕಟವಾಯಿತು. ಸಮಾಧಾನ ಹೇಳೋಣವೆಂದು, "ಹಂಗ್ಯಾಕೆ ಅಂತೀಯ ಮಾರಾಯ್ತಿ, ನಿನಗೆ ಅಂಥಾ ಮೂಗಿದೆಯಲ್ಲ" ಅಂದೆ.

"ಮೂಗು ಎಮ್ಮೆಗೂ ಇದೆ" ಅಂದಳು. ಅವತ್ತು ರಾತ್ರಿ ನನಗೆ ಬಡಿಸಿದ್ದು ಬರೀ ಮಜ್ಜಿಗೆ ಅನ್ನ.

೩. ಶಂಕರಘಟ್ಟದ ಬಸ್ಸು

ಶಂಕರಘಟ್ಟದಲ್ಲಿ ನಂಟರ ಮನೆಯ ಸತ್ಯನಾರಾಯಣ ಪೂಜೆ ಮುಗಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆವು. ಬಸ್ಸಿನ ತುಂಬಾ ಕಾಲೇಜು ಹುಡುಗರು. ಇದ್ದಕ್ಕಿದ್ದ ಹಾಗೆ ಇವಳು ಎದ್ದು ನಿಂತಳು.

"ಕಂಡಕ್ಟರೇ, ಏನೋ ಸುಡ್ತಿದೆ. ಗಾಡಿ ನಿಲ್ಲಿಸಿ."

ಕಂಡಕ್ಟರು ಟಿಕೆಟ್ ಹರಿಯುತ್ತಲೇ, "ಅದು ಈ ಹುಡುಗರು ಬಳಕೊಂಡಿರೋ ಸೆಂಟು ಅಮ್ಮಾ, ಕೂತ್ಕೊಳ್ಳಿ" ಅಂದ. ಬಸ್ಸೆಲ್ಲ ನಕ್ಕಿತು. ನಾನು ಇವಳ ಸೆರಗು ಹಿಡಿದು ಜಗ್ಗಿದೆ. ಇವಳು ಕೂರಲಿಲ್ಲ. ಅರ್ಧ ಮೈಲಿ ಹೋಗುವುದರೊಳಗೆ ಹಿಂದಿನ ಚಕ್ರದಿಂದ ಹೊಗೆ ಏಳತೊಡಗಿತು. ಬ್ರೇಕು ಹಿಡಿದುಕೊಂಡು ಚಕ್ರ ಕಾದುಹೋಗಿತ್ತು. ಡ್ರೈವರ್ ಬಸ್ ನಿಲ್ಲಿಸಿದ, ಎಲ್ಲರೂ ಇಳಿದೆವು. ಯಾರಿಗೂ ಏನೂ ಆಗಲಿಲ್ಲ.

ಇನ್ನೊಂದು ಬಸ್ ಬಂದಾಗ ಅದೇ ಕಂಡಕ್ಟರು ಜನರನ್ನೆಲ್ಲ ಬಾಗಿಲಲ್ಲೇ ತಡೆದ. "ತಡೀರಿ, ತಡೀರಿ. ಮೊದಲು ಅಮ್ಮ ಹತ್ತಿ ಮೂಸಿ ನೋಡಲಿ!"

ನಾನು ಉಬ್ಬಿಹೋದೆ. ಇವಳು ಮಾತ್ರ, "ಇದೆಲ್ಲ ದೇವರ ಸೇವೆ ಆಗುತ್ತಾ?" ಅಂದು ಕಿಟಕಿಯ ಕಡೆ ತಿರುಗಿ ಕೂತಳು.

೪. ಭದ್ರಾವತಿಯ ಹುಳಿ

ಈಗ ಭಟ್ಟರು ಹೇಳಿದ್ದು. ಭದ್ರಾವತಿಯ ಒಂದು ದೇವಸ್ಥಾನದ ಸಂತರ್ಪಣೆಗೆ ನಮ್ಮ ಮಂಡಳಿಯನ್ನು ಭಜನೆಗೆ ಕರೆದಿದ್ದರು. ಇವಳಿಂದ ಇಸಿದುಕೊಂಡ ತಾಳ ಈಗ ನನ್ನ ಕೈಯಲ್ಲಿ. ಹಾಗಾಗಿ ನಾನು ಒಳಗೆ. ಇವಳು ಹೊರಗೆ ಚಪ್ಪಲಿಯ ಹತ್ತಿರ. ಪಕ್ಕದಲ್ಲೇ ಅಡಿಗೆ ಮನೆಯ ಬಾಗಿಲು. ಊಟಕ್ಕೆ ನಾನೂರು ಜನ.

ದೇವರಿಗೆ ನೈವೇದ್ಯ ಆಗುವ ಮುಂಚೆ ಅಡಿಗೆಯ ರುಚಿ ನೋಡುವ ಹಾಗಿಲ್ಲ, ಅದು ನಿಮಗೂ ಗೊತ್ತು. ಭಟ್ಟರು ಎಲ್ಲವನ್ನೂ ಕೈ ಅಳತೆಯಲ್ಲೇ ಹಾಕುವವರು. ಹುಳಿಯ ಕೊಪ್ಪರಿಗೆ ಇಳಿಸಿದ್ದರು. ಅರ್ಚಕರು ನೈವೇದ್ಯಕ್ಕೆ ತೆಗೆದುಕೊಂಡು ಹೋಗಲು ಬಂದಿದ್ದರು. ಆಗ ಇವಳು ಬಾಗಿಲಿಗೆ ಬಂದು ನಿಂತಳಂತೆ.

"ಭಟ್ಟರೇ, ಹುಳಿಗೆ ಉಪ್ಪು ಬಿದ್ದಿಲ್ಲ."

"ಮೂವತ್ತು ವರ್ಷದಿಂದ ಸೌಟು ಹಿಡಿದಿದ್ದೀನಿ ತಾಯಿ. ನೀವು ಚಪ್ಪಲಿ ನೋಡ್ಕೊಳ್ಳಿ."

"ಉಪ್ಪು ಬಿದ್ದ ಹುಳಿಯ ಘಮವೇ ಬೇರೆ. ಇದು ಹಸಿ ಹಸಿ ವಾಸನೆ ಬರ್ತಿದೆ."

ಭಟ್ಟರು ಸೌಟು ಕೆಳಗಿಟ್ಟರು. "ಅಯ್ಯೋ ಶಿವನೇ! ನೈವೇದ್ಯಕ್ಕೆ ಮುಂಚೆ ಮೂಸಿಬಿಟ್ರಾ? ಮೂಸಿದ್ರೂ ಎಂಜಲಾದ ಹಾಗೇ! ನಾನೂರು ಜನರ ಅಡಿಗೆ ಕೆಡಿಸಿದಿರಲ್ಲಾ!"

ಇವಳು ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಹೇಳಿದಳು: "ನಾನು ಮೂಸಿಲ್ಲ ಸ್ವಾಮಿ. ಚಪ್ಪಲಿ ಹತ್ತಿರ ಕೂತಿದ್ದೆ. ವಾಸನೆಯೇ ನನ್ನನ್ನು ಹುಡುಕಿಕೊಂಡು ಬಂತು."

ಎಲ್ಲರೂ ಅರ್ಚಕರ ಮುಖ ನೋಡಿದರು. ವಯಸ್ಸಾದವರು, ನಿಧಾನವಾಗಿ ಹೇಳಿದರು: "ನಾವಾಗಿ ಮೂಸಿದ್ರೆ ದೋಷ. ಅದಾಗಿ ಬಂದ್ರೆ ದೇವರು ಹೇಳಿ ಕಳಿಸಿದ ಹಾಗೆ. ಭಟ್ಟರೇ, ಉಪ್ಪು ಎಲ್ಲಿಟ್ಟಿದ್ರಿ?"

ಅಳೆದಿಟ್ಟ ಉಪ್ಪು ಬಾಳೆಲೆಯ ಅಡಿಯಲ್ಲಿ ಬೋಗುಣಿಯಲ್ಲಿ ಹಾಗೇ ಕೂತಿತ್ತು! ಭಟ್ಟರು ಜೊತೆಗೆ ಅಡಿಗೆಗೆ ಬಂದಿದ್ದ ತಮ್ಮ ಭಾವಮೈದನ ಕಡೆ ತಿರುಗಿದರು. "ನೀನು ಹಾಕಲಿಲ್ವೇನೋ?" ಅವರು, "ನೀವು ಹಾಕಿದ್ರಿ ಅಂದ್ಕೊಂಡೆ ಭಾವ" ಅಂದರು.

ಉಪ್ಪು ಬಿತ್ತು. ಅರ್ಚಕರು ಅಲ್ಲಿಂದ ಕದಲಲಿಲ್ಲ. "ಇನ್ನು ಪಾಯಸ ಹೇಗಿದೆಯಮ್ಮಾ? ನೀವು ಮೂಸಬೇಡಿ, ಸುಮ್ಮನೆ ಅಲ್ಲೇ ನಿಂತಿರಿ" ಅಂದರು. ಇವಳು ಚಪ್ಪಲಿಗಳ ಮಧ್ಯೆ ನಿಂತು ತಲೆಯಾಡಿಸಿದ ಮೇಲೆಯೇ ಒಳಗೆ ಗಂಟೆ ಮೊಳಗಿತು.

ಪಂಕ್ತಿಯಲ್ಲಿ ಭಟ್ಟರೇ ಹುಳಿ ಬಡಿಸುತ್ತಾ ಬಂದು ನನಗೆ ಇದಿಷ್ಟೂ ಹೇಳಿದರು. ಈಗ ಅವರು ದೊಡ್ಡ ಅಡಿಗೆಗೆಲ್ಲ ಇವಳನ್ನು ಕರೆಯುತ್ತಾರೆ. ಹೋದ ತಿಂಗಳು ಇವಳಿಗೆ ಹೋಗಲಾಗಲಿಲ್ಲ. ಭಟ್ಟರು ಫೋನ್ ಮಾಡಿದರು. "ಫೋನಿನಲ್ಲಿ ವಾಸನೆ ಹೇಗೆ ಬರುತ್ತೆ ಭಟ್ಟರೇ?" ಅಂದಳು. ಆ ಕಡೆಯಿಂದ ಕೊತಕೊತ ಕುದಿಯುವ ಸದ್ದು ಕೇಳಿಸಿತು, ಹಿಂದೆಯೇ ಭಟ್ಟರ ದನಿ: "ಕೊಪ್ಪರಿಗೆ ಮೇಲೇ ಹಿಡಿದಿದ್ದೀನಿ ತಾಯಿ. ಈಗ ನೋಡಿ!"

ಅಂದಹಾಗೆ, ಆ ದಿನದ ಗಡಿಬಿಡಿಯಲ್ಲಿ ಚಪ್ಪಲಿ ಕಾಯುವವರಿಲ್ಲದೆ ಕಳೆದುಹೋದದ್ದು ಒಂದೇ ಜೊತೆ. ಅದು ನನ್ನದು, ಹೊಸದು. ಬರಿಗಾಲಿನಲ್ಲಿ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಇವಳು ಮೆಲ್ಲಗೆ ಹೇಳಿದಳು: "ಚೀಲ ಖಾಲಿ ಆಗಿರಲಿಲ್ಲ ಕಣ್ರೀ. ಮುಖದ ನಟ್ಟನಡುವೆ ಇಟ್ಟಿದ್ದ, ನನಗೇ ಕಾಣಿಸಿರಲಿಲ್ಲ." ಅಷ್ಟು ಸಂತೋಷದಿಂದ ನಾನು ಯಾವತ್ತೂ ಚಪ್ಪಲಿ ಕಳೆದುಕೊಂಡವನಲ್ಲ.

ನಿಮ್ಮ ಮನೆಯಲ್ಲೂ "ನನಗೇನೂ ಬರಲ್ಲ" ಅನ್ನುವವರು ಒಬ್ಬರಾದರೂ ಇದ್ದಾರು. ಅವರನ್ನು ಕೂರಿಸಿಕೊಂಡು ಇದನ್ನು ಹೇಳಿ. ಅವರು ಇನ್ನೊಬ್ಬರಿಗೆ ಹೇಳಲಿ. ಹೇಳಲು ಕೂರುವ ಮುಂಚೆ ಒಲೆ ಮಾತ್ರ ಆರಿಸಿ. ನಿಮ್ಮ ಪಕ್ಕದ ಮನೆಯಲ್ಲಿ ಎಂಥಾ ಮೂಗಿದೆಯೋ, ಯಾರಿಗೆ ಗೊತ್ತು!