ಬೈಟು ಚಾದ ಎರಡನೇ ಗ್ಲಾಸು

ಗೊರೇಬಾಳ ಕ್ರಾಸಿನ ಇಶ್ತಿಯಾಕನ ಹೋಟೆಲ್ಲಿನಲ್ಲಿ ಪಕೀರಪ್ಪನ ಬಾಯಿಂದ ಅಂದೂ ‘ಬೈಟು ಚಾ’ ಎಂದೇ ಬಂತು. ಎರಡು ಗ್ಲಾಸು ಬಂದವು. ಒಂದನ್ನು ಕುಡಿದ. ಇನ್ನೊಂದು, ಬೀಗರು ಬಾರದ ಮದುವೆಮನೆಯ ಹಾಗೆ, ಸುಮ್ಮನೆ ಕೂತು ಕೆನೆಗಟ್ಟಿತು.

"ಕಾಕಾ, ಒಬ್ರ ಕುಡಿಯೋರು ಬೈಟು ಯಾಕ ಹೇಳ್ತೀರಿ? ವರ್ಷಾತು, ಆ ಚಾ ನೊಣ ಕುಡಿಯಾಕತ್ತಾವ" ಎಂದ ಇಶ್ತಿಯಾಕ.

ಆ ಗ್ಲಾಸು ಪಕ್ಕದೂರು ವಳಕಮದಿನ್ನಿಯ ಮರಿಸ್ವಾಮಿಯದು. ಹೋದ ವರ್ಷ ಇದೇ ಬೆಂಚಿನ ಮೇಲೆ, ಟಿ.ವಿ.ಯಲ್ಲಿ ಯಾವುದೋ ದೂರದೇಶದ ಯುದ್ಧ ನೋಡುತ್ತ ಗೆಳೆಯರಿಬ್ಬರೂ ಮಾತಿಗೆ ಬಿದ್ದಿದ್ದರು.

"ಒಮ್ಮೆ ಸುಟ್ಕೊಂಡ ದೇಶ ಪಾಠ ಕಲೀತೈತಿ" ಎಂದಿದ್ದ ಪಕೀರಪ್ಪ.

"ಕಲಿತಿದ್ರ ಎರಡನೇ ಮಹಾಯುದ್ಧ ಯಾಕಾತಲೇ?" ಎಂದಿದ್ದ ಮರಿಸ್ವಾಮಿ.

"ಅದರಾಗ ಕಲಿತದ್ದಕ್ಕ ಮೂರನೇದು ಆಗಿಲ್ಲ!"

ಎಲ್ಲೋ ಬಿದ್ದ ಬಾಂಬಿಗೆ ಇಲ್ಲಿ ಗೆಳೆತನ ಉರುಳಿತ್ತು. ಅಂದಿನಿಂದ ಪಕೀರಪ್ಪನಿಗೆ ಹೇಳಲು ಮಾತುಗಳಿದ್ದವು, "ಸುಮ್ಕಿರಲೇ ಪಕ್ಯಾ" ಅನ್ನುವವನೇ ಇರಲಿಲ್ಲ. ಹೆಂಡತಿಯೂ ಬೈಯುತ್ತಿದ್ದಳು; ಆದರೆ ಅದರಲ್ಲಿ ಆ ರುಚಿ ಇಲ್ಲ.

"ಇವತ್ತ ಹೋಗಿ ನಾನ ಸೋತೆ ಅಂದುಬಿಡ್ತೀನಿ. ಫ್ಲಾಸ್ಕಿಗೆ ಚಾ ಹಾಕು, ಎರಡು ಗ್ಲಾಸೂ ಕೊಡು" ಎಂದ ಇಶ್ತಿಯಾಕನಿಗೆ.

ಪಕ್ಕದ ಬೆಂಚಿನ ಕನಕರಾಜನ ಕಿವಿ ನಿಮಿರಿತು. "ಒಬ್ರ ಹೋಗಬ್ಯಾಡ್ರಿ ಕಾಕಾ. ರಾಜಿಗೆ ಹಿರೇರು ಬೇಕು!"

ಬೇಡವೆನ್ನುವಷ್ಟರಲ್ಲಿ ಟ್ರ್ಯಾಕ್ಟರಿನ ಟ್ರಾಲಿ ತುಂಬ ಹಿರಿಯರು ಹತ್ತಿದ್ದರು. ದಾರಿಯಲ್ಲಿ ಕೈ ಮಾಡಿದವರೂ ಹತ್ತಿದರು. ಧೂಳೆಬ್ಬಿಸಿಕೊಂಡು ಬಂದ ಶಾಂತಿಪಡೆಯನ್ನು ಗದ್ದೆಯಿಂದ ಕಂಡ ಮರಿಸ್ವಾಮಿ ಸಲಿಕೆ ಎತ್ತಿದ.

"ವರ್ಷ ಬಿಟ್ಟು ಮಂದಿ ಕಟ್ಕೊಂಡು ಬಡಿಯಾಕ ಬಂದ್ಯಾ?"

"ಅಲ್ಲೋ ಮಾರಾಯಾ!" ಎನ್ನುತ್ತ ಅವಸರದಲ್ಲಿ ಧುಮುಕಿದ ಪಕೀರಪ್ಪ ಬದುವಿನಿಂದ ಜಾರಿ ಕೆಸರಿಗೆ ಬಿದ್ದ. ಮೈಯೆಲ್ಲ ಮುಳುಗಿದರೂ ಫ್ಲಾಸ್ಕ್ ಹಿಡಿದ ಕೈಯೊಂದು, ಕೊಕ್ಕರೆಯ ಕತ್ತಿನಂತೆ ಮೇಲೆ ನಿಂತಿತ್ತು.

ಸಲಿಕೆ ಬಿಸಾಕಿ ಓಡಿಬಂದ ಮರಿಸ್ವಾಮಿ ಎಳೆದೆತ್ತಿದ. "ಎದ್ದೇಳಲೇ ಪಕ್ಯಾ, ಭತ್ತ ತುಳೀತಿ!"

ಆ ಬೈಗುಳ ಕೇಳಿ ಪಕೀರಪ್ಪನ ಕಣ್ಣುಗಳು ತುಂಬಿದವು. ಕೆಸರಿದ್ದದ್ದು ಒಳ್ಳೆಯದಾಯಿತು, ಯಾರಿಗೂ ಕಾಣಲಿಲ್ಲ. ಬದುವಿನ ಮೇಲೆ ಕೂತು ಎರಡು ಗ್ಲಾಸಿಗೆ ಚಾ ಸುರಿದ.

"ನೀ ಅಂದಿದ್ದ ಖರೆ ನೋಡು. ದೇಶಗಳು ಕಲಿಯಾಂಗಿಲ್ಲ."

ಮರಿಸ್ವಾಮಿ ಗ್ಲಾಸು ತುಟಿಗಿಡದೆ ಇಳಿಸಿದ. "ಇಲ್ಲ ಇಲ್ಲ, ನಿಂದ ಖರೆ. ಇಲ್ಲೇ ಕುಂತು ವರ್ಷಪೂರ್ತಿ ವಿಚಾರ ಮಾಡೀನಿ. ಕಲೀತಾವ. ಮೂರನೇದು ಆಗಿಲ್ಲಲ್ಲ?"

"ಕಲಿತಿದ್ರ ದಿನಾ ಟಿ.ವಿ.ಯಾಗ ಬಾಂಬ್ ಯಾಕ ಬೀಳ್ತಾವಲೇ?"

"ಸೋತೀನಂತ ಹೇಳಾಕತ್ತೀನಿ, ಸೋಲಾಕೂ ಬಿಡಾಂಗಿಲ್ಲೇನು?"

"ಸೋಲಾಕ ಬಂದವ ನಾನು! ನೀ ಯಾವನಲೇ ನಡುವ ಸೋಲಾಕ?"

ಹಿರಿಯರು ಬಿಡಿಸಲು ಬಂದು, ಅರ್ಧ ಮಂದಿ ಆ ಕಡೆ, ಅರ್ಧ ಮಂದಿ ಈ ಕಡೆ ಆದರು. ಚಾ ಗದ್ದೆಗೆ ಚೆಲ್ಲಿತು.

ಸಂಜೆ, ಕೆಸರು ಒಣಗಿ ಬಿರಿದ ಮೈಯಲ್ಲಿ ಪಕೀರಪ್ಪ ಹೋಟೆಲ್ಲಿನ ಬೆಂಚಿಗೆ ಬಂದು ಕೂತ.

"ರಾಜಿ ಆತೇನ್ರಿ ಕಾಕಾ?"

"ಹೋದ ಸಲ ಗೆಲ್ಲಾಕ ಜಗಳಾಡಿದ್ವಿ. ಈ ಸಲ ಸೋಲಾಕ."

ಇಶ್ತಿಯಾಕ ಕೇಳಲೋ ಬೇಡವೋ ಎಂದು ಕೇಳಿದ: "ಒಂದ ಫುಲ್ ಕೊಡ್ಲೇನ್ರಿ?"

ಪಕೀರಪ್ಪ ವಳಕಮದಿನ್ನಿಯ ದಾರಿಯನ್ನೊಮ್ಮೆ ನೋಡಿದ.

"ಬ್ಯಾಡ. ಬೈಟು ಕೊಡು."